ಕಾಕಾನ ಸುರಾಹಿ, ನನ್ನ ಕ್ಯಾಮೆರಾ: ನಾಲ್ಕು ಭಾನುವಾರದ ಲೆಕ್ಕ

ಮೊದಲ ಭಾನುವಾರ

ಫೋಟೋಗ್ರಫಿ ಕ್ಲಾಸಿಗೆ ಸೇರಿದ್ದು ನನ್ನ ಆಸೆಗಲ್ಲ, ಕಾಕಾನ ಕಾಟಕ್ಕೆ. ಅವರು ಬೀದರ್‌ನ ಹಳೇ ಊರಲ್ಲಿ, ಮನೆಯಲ್ಲೇ ಬಿದ್ರಿ ಕೆಲಸ ಮಾಡುತ್ತಾರೆ, ಅಂದರೆ ಕಪ್ಪು ಲೋಹದ ಸಾಮಾನಿನ ಮೇಲೆ ಬೆಳ್ಳಿ ಚಿತ್ತಾರ ಕೂರಿಸುವ ಕೆಲಸ. ಗಿರಾಕಿಗಳು ಈಗ ಮೊದಲು ವಾಟ್ಸಾಪ್‌ನಲ್ಲಿ ಫೋಟೋ ಕೇಳುತ್ತಾರೆ. ನಾನು ಮೊಬೈಲ್‌ನಲ್ಲಿ ತೆಗೆದು ಕಳಿಸಿದ ಸುರಾಹಿ (ಉದ್ದ ಕತ್ತಿನ ಹೂಜಿ) ನೋಡಿ ಒಬ್ಬರು "ಇದು ಅಲ್ಯೂಮಿನಿಯಂದಾ?" ಅಂತ ಕೇಳಿಬಿಟ್ಟರು. ಅವತ್ತಿನಿಂದ ಮನೆಯಲ್ಲಿ ನನಗೆ ಬೆಲೆ ಇಲ್ಲ.

ಕ್ಯಾಮೆರಾ ಅಣ್ಣನದು. ಸೆಕೆಂಡ್ ಹ್ಯಾಂಡ್ ನಿಕಾನ್ ಡಿ3500, ಜೊತೆಗೆ ಬರುವ 18-55 ಲೆನ್ಸ್. ಕ್ಲಾಸಲ್ಲಿ ನಾವು ಏಳು ಜನ. ಸರ್ ಬಂದವರೇ ಬೋರ್ಡ್ ಮೇಲೆ ಅಪರ್ಚರ್, ಶಟರ್, ಐಎಸ್‌ಒ ಅಂತ ಬರೆದರು. ಅಪರ್ಚರ್ ಅಂದರೆ ಲೆನ್ಸಿನೊಳಗೆ ಬೆಳಕು ಬರುವ ತೂತು, ಶಟರ್ ಅಂದರೆ ಬೆಳಕು ಎಷ್ಟು ಹೊತ್ತು ಬರಬೇಕು ಅನ್ನೋದು, ಐಎಸ್‌ಒ ಅಂದರೆ ಬಂದ ಬೆಳಕನ್ನು ಕ್ಯಾಮೆರಾ ಎಷ್ಟು ಹೆಚ್ಚಿಸಿ ತೋರಿಸಬೇಕು ಅನ್ನೋದು. ನನಗೆ ಅಪರ್ಚರ್ ಒಂದೇ ತಲೆ ತಿಂದಿತು. ನಂಬರ್ ದೊಡ್ಡದಾದರೆ ತೂತು ಚಿಕ್ಕದಾಗುತ್ತದಂತೆ. ಅದ್ಯಾವ ನ್ಯಾಯ?

ಮನೆಗೆ ಬಂದು ಲೆಕ್ಕ ಹಾಕಿದ ಮೇಲೆ ತಿಳಿಯಿತು. ಅದು ಭಾಗಾಕಾರ, ಅಷ್ಟೇ. ಎಫ್ ಅಂತ ಬರೆಯುವುದೇ ಆ ಅಪರ್ಚರ್ ನಂಬರ್. ಲೆನ್ಸನ್ನು 55 ಎಂ.ಎಂ.ಗೆ ತಿರುಗಿಸಿ ಎಫ್ 5.6 ಇಟ್ಟರೆ, 55ನ್ನು 5.6ರಿಂದ ಭಾಗಿಸಬೇಕು. ಸುಮಾರು 10 ಎಂ.ಎಂ. ಅಗಲದ ತೂತು. ಎಫ್ 11 ಇಟ್ಟರೆ 5 ಎಂ.ಎಂ. ಅಗಲ ಅರ್ಧವಾದರೆ ಬೆಳಕು ಅರ್ಧ ಅಲ್ಲ, ಕಾಲು ಭಾಗ. ಹಾಗಾಗಿ 1/200 ಸೆಕೆಂಡಿಗೆ ಬರುತ್ತಿದ್ದ ಫೋಟೋಗೆ ಈಗ 1/50 ಬೇಕು. ಇದನ್ನು ಬೋರ್ಡ್ ಮೇಲೇ ಹೇಳಿದ್ದರೆ ಅರ್ಧ ದಿನ ಉಳಿಯುತ್ತಿತ್ತು, ಅಲ್ವಾ?

ಎರಡನೇ ಭಾನುವಾರ

ಬೆಳಗ್ಗೆ ಮಹಮೂದ್ ಗವಾನ್ ಮದರಸಾ. 1472ರ ಕಟ್ಟಡ. ಮುಖ ಪೂರ್ವಕ್ಕಿದೆ, ಅದಕ್ಕೇ ಸರ್ ಬೆಳಗ್ಗೆಯೇ ಕರೆಸಿದ್ದರು. ಉಳಿದಿರುವ ಒಂದೇ ಮಿನಾರಿನ ಮೇಲೆ ಬಿಸಿಲು ಬಿದ್ದಾಗ ನೀಲಿ, ಹಸಿರು ಹಂಚುಗಳು ಎದ್ದು ಕಾಣುತ್ತವೆ. ನನಗೆ ಮಾತ್ರ ಕಾಣಲಿಲ್ಲ. ಹಿಂದಿನ ರಾತ್ರಿ ಮನೆಯಲ್ಲಿ ಆಡುತ್ತಾ ಐಎಸ್‌ಒ 6400 ಇಟ್ಟಿದ್ದೆ, ಇಳಿಸುವುದನ್ನು ಮರೆತಿದ್ದೆ. ಎಲ್ಲ ಫೋಟೋದ ಮೇಲೂ ರವೆ ಚೆಲ್ಲಿದ ಹಾಗೆ.

ಆಮೇಲೆ ಚೌಬಾರಾ. 71 ಅಡಿ ಗೋಪುರದ ಸುತ್ತ ಆಟೋಗಳು ತಿರುಗುತ್ತಲೇ ಇರುತ್ತವೆ, ಶಟರ್ ಅಭ್ಯಾಸಕ್ಕೆ ಹೇಳಿ ಮಾಡಿಸಿದ ಜಾಗ. 1/500ಕ್ಕೆ ಆಟೋ ನಿಂತ ಹಾಗೆ ಬರುತ್ತದೆ. 1/30 ಇಟ್ಟು, ಆಟೋದ ಜೊತೆಗೇ ಸೊಂಟ ತಿರುಗಿಸಿದರೆ ಆಟೋ ಸ್ಪಷ್ಟ, ಹಿಂದಿನ ಅಂಗಡಿಗಳೆಲ್ಲ ಗೆರೆ ಗೆರೆ. ನಲವತ್ತು ಸಲ ತೆಗೆದು ಒಂದು ಬಂತು. ಒಬ್ಬ ಆಟೋದವನು ನಿಲ್ಲಿಸಿ "ಎಲ್ಲಿಗ್ರೀ ಅಕ್ಕಾ?" ಅಂದ.

ಮೂರನೇ ಭಾನುವಾರ

ಅಷ್ಟೂರಿಗೆ ಹೋದೆವು. ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿವೆ. ಅವರಲ್ಲೊಬ್ಬನಾದ ಹುಮಾಯೂನನ ಗೋರಿಗೆ ಸಿಡಿಲು ಬಡಿದು ಅರ್ಧ ಗುಮ್ಮಟ ಬಿದ್ದಿದೆ. ಎಲ್ಲರೂ ಅದರ ಮುಂದೆ ನಿಂತು ತೆಗೆದರು, ನಾನೂ ತೆಗೆದೆ. ಚೆನ್ನಾಗಿಯೇ ಬಂತು, ಆದರೆ ಅದರಲ್ಲಿ ನನ್ನದೇನೂ ಇಲ್ಲ.

ಕಲಿತದ್ದು ಅಹ್ಮದ್ ಶಾನ ಗೋರಿಯೊಳಗೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದ ಸುಲ್ತಾನ ಇವನೇ. ಒಳಗೆ ಗುಮ್ಮಟದ ತುಂಬ ಬಣ್ಣದ ಚಿತ್ತಾರ, ಆದರೆ ಕತ್ತಲು. ಫ್ಲ್ಯಾಶ್ ಬೇಡವೇ ಬೇಡ ಅಂದರು ಸರ್. ಗೋಡೆಗೆ ಬೆನ್ನು ಕೊಟ್ಟು, ಐಎಸ್‌ಒ 3200, ಎಫ್ 3.5, 1/15ರ ಹತ್ತಿರ. ಉಸಿರು ಬಿಟ್ಟ ಮೇಲೆ ಒತ್ತಿದೆ. ಬಂತು.

ಒಂದು ವಿಚಿತ್ರ ಕಂಡೆ. ಫೋಟೋದ ಮೂಲೆಯಲ್ಲಿ ಬಾಗಿಲಿನ ಬಿಸಿಲು ಸೇರಿಕೊಂಡರೆ ಚಿತ್ತಾರ ಕಪ್ಪಾಗುತ್ತದೆ. ಬಾಗಿಲು ಬಿಟ್ಟು ತೆಗೆದರೆ ಅದೇ ಗೋಡೆ ಹಗಲಿನ ಹಾಗೆ. ಗೋಡೆ ಬದಲಾಗಿಲ್ಲ, ಬೆಳಕೂ ಬದಲಾಗಿಲ್ಲ. ಸರ್‌ಗೆ ಕೇಳಿದೆ. "ಮುಂದಿನ ವಾರ ಹೇಳ್ತೀನ್ರೀ, ಒಂದು ಕರೀದು ಒಂದು ಬಿಳೀದು ತಗೊಂಡು ಬರ್ರಿ" ಅಂದರು.

ನಾಲ್ಕನೇ ಭಾನುವಾರ

ಕರೀದು ಅಂದ ತಕ್ಷಣ ಕಾಕಾನ ಸುರಾಹಿ ಎತ್ತಿಕೊಂಡೆ. ಬಿಳೀದಕ್ಕೆ ಅವರದೇ ಹಳೇ ಧೋತರ. ಆಟೋ ಮೋಡ್‌ನಲ್ಲಿ ಫ್ಲ್ಯಾಶ್ ಇಲ್ಲದೆ ಎರಡನ್ನೂ ಹತ್ತಿರದಿಂದ, ಫ್ರೇಮ್ ತುಂಬುವ ಹಾಗೆ ತೆಗೆಯಲು ಹೇಳಿದರು. ತೆಗೆದೆ. ಸ್ಕ್ರೀನ್ ಮೇಲೆ ಪಕ್ಕಪಕ್ಕ ನೋಡಿದರೆ ಧೋತರವೂ ಬೂದಿ ಬಣ್ಣ, ಸುರಾಹಿಯೂ ಬೂದಿ ಬಣ್ಣ!

ಕ್ಯಾಮೆರಾದ ಮೀಟರ್‌ಗೆ ತನ್ನ ಮುಂದೆ ಏನಿದೆ ಅಂತ ಗೊತ್ತಿಲ್ಲ. ಬರುವ ಬೆಳಕೆಲ್ಲ ಕಪ್ಪಿಗೂ ಬಿಳಿಗೂ ನಡುವಿನ ಬೂದು ಅಂತಲೇ ಅದರ ಲೆಕ್ಕ. ಕಪ್ಪು ಕಂಡರೆ "ಬೆಳಕು ಸಾಲದು" ಅಂತ ಜಾಸ್ತಿ ಮಾಡುತ್ತದೆ. ಬಿಳಿ ಕಂಡರೆ ಕಡಿಮೆ ಮಾಡುತ್ತದೆ. ಅಷ್ಟೂರಿನ ಬಾಗಿಲಿಗೂ ಇದೇ ಕಾರಣ. ನನ್ನ ಮೊಬೈಲ್‌ಗೂ ಇದೇ ರೋಗ.

ಸಂಜೆ ಕಾಕಾಗೆ ಇದನ್ನೆಲ್ಲ ಹೇಳಿದೆ. ಬಿದ್ರಿ ಸಾಮಾನು ಹುಟ್ಟಿನಿಂದ ಕಪ್ಪಲ್ಲ. ಹೆಚ್ಚು ಪಾಲು ಸತು, ಸ್ವಲ್ಪ ತಾಮ್ರ, ಬಣ್ಣ ಬೂದಿಯೇ. ಕೆತ್ತಿ, ಬೆಳ್ಳಿ ಕೂರಿಸಿ, ಉಜ್ಜಿ, ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ಬಿಸಿ ಮಾಡಿ ಹಚ್ಚಿದಾಗ ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಕಾಕಾ ಫೋಟೋ ನೋಡಿ ಹೇಳಿದರು: "ನಾ ಇಷ್ಟ ತ್ರಾಸ್ ಪಟ್ಟು ಕರೀ ಮಾಡೀನಿ, ನಿನ್ನ ಕ್ಯಾಮೆರಾ ಅದನ್ನ ತಿರುಗಿ ಸತು ಮಾಡ್ಯದ ನೋಡ್ ತಂಗಿ."

ಆಮೇಲಿನ ವಾರ, ಮನೆಯಲ್ಲಿ

ಕ್ಲಾಸ್ ಮುಗಿದಿದೆ. ಮೂರು ಸಂಜೆ ಸುರಾಹಿಯ ಮುಂದೆಯೇ ಕೂತಿದ್ದೇನೆ.

ಮೊದಲ ಸಂಜೆ ಪೂರ್ತಿ ಹಾಳು. ಪ್ಲಸ್-ಮೈನಸ್ ಗುಂಡಿ ಒತ್ತಿ ಡಯಲ್ ತಿರುಗಿಸಿದರೆ ಫೋಟೋ ಕಪ್ಪಾಗುತ್ತದೆ ಅಂತ ಹೇಳಿಕೊಟ್ಟಿದ್ದರು. ತಿರುಗಿಸಿದೆ, ಕಪ್ಪಾಯಿತು, ಖುಷಿಪಟ್ಟೆ. ಕಂಪ್ಯೂಟರ್‌ನಲ್ಲಿ ನೋಡಿದರೆ ಕೆತ್ತನೆಯೆಲ್ಲ ಮಂಕು ಮಂಕು. ಕ್ಯಾಮೆರಾ ಎಂ ಮೋಡ್‌ನಲ್ಲಿತ್ತು, ಅಂದರೆ ಅಪರ್ಚರ್, ಶಟರ್ ಎರಡನ್ನೂ ನಾವೇ ಇಡುವ ಮೋಡ್. ಅಲ್ಲಿ ಅದೇ ಗುಂಡಿ ಅಪರ್ಚರ್ ಬದಲಿಸುತ್ತದೆ, ಗೊತ್ತಿಲ್ಲದೆ ಎಫ್ 29ಕ್ಕೆ ಹೋಗಿದ್ದೆ. ತೂತು ಅಷ್ಟು ಚಿಕ್ಕದಾದರೆ ಬೆಳಕು ಅಂಚಿನಲ್ಲಿ ಹರಡಿ ಗೆರೆಗಳ ಚೂಪು ಹೋಗುತ್ತದೆ.

ಎರಡನೇ ಸಂಜೆ ಎ ಮೋಡ್ (ಅಪರ್ಚರ್ ನಾವಿಟ್ಟರೆ ಶಟರನ್ನು ಕ್ಯಾಮೆರಾ ನೋಡಿಕೊಳ್ಳುತ್ತದೆ), ಎಫ್ 11, ಐಎಸ್‌ಒ 100, ಪ್ಲಸ್-ಮೈನಸ್ ಗುಂಡಿಯಲ್ಲಿ ಮೈನಸ್ 1.3. ಕ್ಯಾಮೆರಾವನ್ನು ಸ್ಟೂಲ್ ಮೇಲೆ ಪುಸ್ತಕ ಪೇರಿಸಿ ಇಟ್ಟು, ಎರಡು ಸೆಕೆಂಡ್ ಟೈಮರ್. ಕಪ್ಪು ಕಪ್ಪಾಗಿ ಬಂತು. ಆದರೆ ಬೆಳ್ಳಿ ಹೂವುಗಳ ತುಂಬ ನನ್ನ ಕೆಂಪು ಓಢಣಿ! ಬೆಳ್ಳಿ ಕನ್ನಡಿ ಇದ್ದ ಹಾಗೆ, ಎದುರಿಗೆ ಇದ್ದದ್ದನ್ನೇ ತೋರಿಸುತ್ತದೆ. ಅದು ಬೆಳ್ಳಗೆ ಕಾಣಬೇಕಾದರೆ ಎದುರಿಗೆ ಬಿಳಿಯದೇ ಇರಬೇಕು. ಕಾಕಾ ಹೊಳೆಯಲಿ ಅಂತ ಎಣ್ಣೆ ಬೇರೆ ಸವರಿ ಕೊಟ್ಟಿದ್ದರು. ಅದರಿಂದ ಕಪ್ಪಿನ ಮೇಲೂ ಕಿಟಕಿ ಮೂಡಿತ್ತು.

ಮೂರನೇ ಸಂಜೆ ಎಣ್ಣೆ ಒರೆಸಿದೆ. ಕಿಟಕಿಗೆ ಧೋತರ ಕಟ್ಟಿದೆ, ಇನ್ನೊಂದು ಬದಿಗೆ ಥರ್ಮಾಕೋಲ್ ಹಾಳೆ ನಿಲ್ಲಿಸಿದೆ, ಟ್ಯೂಬ್‌ಲೈಟ್ ಆರಿಸಿದೆ. ಶಟರ್ ಕಾಲು ಸೆಕೆಂಡ್. ಈ ಸಲ ಎಲೆಯ ಒಂದೊಂದು ನರವೂ ಬಂತು. ಹೊಟ್ಟೆಯ ಹತ್ತಿರ ಮಾತ್ರ ಬೂದಿ ಬಣ್ಣದ ಸಣ್ಣ ಕಲೆ. ಥರ್ಮಾಕೋಲ್ ಸರಿಸಿದೆ, ಧೋತರ ಸರಿಸಿದೆ, ಹೋಗಲಿಲ್ಲ. ಮತ್ತೆ ನನ್ನದೇ ತಪ್ಪು ಅಂತ ಕಾಕಾನ್ನ ಕರೆದು ತೋರಿಸಿದೆ.

ಅವರು ಸ್ಕ್ರೀನನ್ನು ದೊಡ್ಡದು ಮಾಡಿಸಿದರು. ಸುರಾಹಿ ಕೈಗೆತ್ತಿಕೊಂಡು ಕಿಟಕಿಗೆ ಹಿಡಿದು ನೋಡಿದರು. ಹೆಬ್ಬೆರಳಿಂದ ಉಜ್ಜಿದರು.

"ಇಲ್ಲಿ ಕರೀ ಹಿಡಿದಿಲ್ಲವಾ" ಅಂದರು, ತಮಗೆ ತಾವೇ. ನನ್ನ ಕಡೆ ನೋಡದೆ ಸುರಾಹಿ ತಗೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಮಣ್ಣಿನ ಡಬ್ಬಿ ಬಿಚ್ಚಿದ ಸದ್ದು ಕೇಳಿತು. ಫೋಟೋ ಮತ್ತೆ ಭಾನುವಾರ.