ಬ್ರಿಟನ್‌ನ ಕಡಲಲ್ಲಿ ಕಯಾಕ್ ಮೀನುಗಾರಿಕೆ: ಎಲ್ಲಿಂದ ಇಳಿಯಬೇಕು?

ಮಂಗಳೂರಿನ ದಕ್ಕೆಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವೆ ನೀರಿನ ಮಟ್ಟದ ಅಂತರ ಒಂದೂವರೆ ಮೀಟರಿನ ಆಸುಪಾಸು. ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರದ ಏವನ್‌ಮೌತ್‌ನಲ್ಲಿ ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನಕ್ಕೆ ಅದೇ ಅಂತರ 14 ಮೀಟರ್ ಮುಟ್ಟುವುದುಂಟು. ನಾಲ್ಕು ಮಹಡಿ ಎತ್ತರದ ನೀರು ಆರು ಗಂಟೆಯಲ್ಲಿ ಬರುತ್ತದೆ, ಆರು ಗಂಟೆಯಲ್ಲಿ ಹೋಗುತ್ತದೆ. ಅದೇ ದೇಶದ ಪೂಲ್ ಬಂದರಿನಲ್ಲಿ ಅಂತರ 2 ಮೀಟರಿನಷ್ಟೂ ಆಗುವುದಿಲ್ಲ. ಆದ್ದರಿಂದ ಇಲ್ಲಿ ಕಯಾಕ್, ಅಂದರೆ ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ, ಇಳಿಸುವ ಜಾಗ ಹುಡುಕುವಾಗ ಒಂದು ಊರಿನ ಲೆಕ್ಕ ಇನ್ನೊಂದು ಊರಿಗೆ ನಡೆಯುವುದಿಲ್ಲ.

ಮೀನು ಎಲ್ಲಿದೆ ಎಂಬ ಯೋಚನೆ ಆಮೇಲಿನದು. ಇಳಿಯುವಾಗ ಮೈಯಲ್ಲಿ ಕಸುವಿರುತ್ತದೆ, ಬಟ್ಟೆ ಒಣಗಿರುತ್ತದೆ, ಕಡಲು ಸರಿಯಿಲ್ಲ ಅನ್ನಿಸಿದರೆ ಮನೆಗೆ ಹೋಗಬಹುದು. ನಾಲ್ಕೈದು ಗಂಟೆ ಹುಟ್ಟು ಹಾಕಿ ಕೈ ಮರಗಟ್ಟಿ ವಾಪಸು ಬರುವಾಗ ಆ ಅನುಕೂಲ ಒಂದೂ ಇರುವುದಿಲ್ಲ. ದಡ ಸೇರುವ ಹೊತ್ತಿಗೆ ಅಲ್ಲಿ ನೀರೆಷ್ಟು, ಅಲೆ ಹೇಗೆ, ಗಾಳಿ ಯಾವ ಕಡೆಯದು ಎಂದು ನೋಡಿ ಜಾಗವನ್ನು ಆರಿಸಬೇಕು.

ಮೊದಲು ಉಬ್ಬರದ ಪಟ್ಟಿ. ಇದನ್ನು ಓದುವಾಗ ಎಲ್ಲರೂ ಮಾಡುವ ತಪ್ಪೊಂದಿದೆ. ಮುದ್ರಿತ ಪಟ್ಟಿಗಳು ಹೆಚ್ಚಾಗಿ ಗ್ರೀನಿಚ್ ವೇಳೆಯಲ್ಲಿರುತ್ತವೆ. ಮಾರ್ಚ್‌ನ ಕೊನೆಯ ಭಾನುವಾರದಿಂದ ಅಕ್ಟೋಬರ್‌ನ ಕೊನೆಯ ಭಾನುವಾರದವರೆಗೆ ಇಲ್ಲಿನ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ ಪಟ್ಟಿಯ ವೇಳೆಗೆ ಒಂದು ಗಂಟೆ ಕೂಡಿಸಬೇಕು. ಕೆಲವು ಪಟ್ಟಿಗಳು ಮೊದಲೇ ಕೂಡಿಸಿರುತ್ತವೆ. ಪುಟದ ತಲೆಬರಹದಲ್ಲಿ ಯಾವ ವೇಳೆ ಎಂದಿದೆ ನೋಡಿಕೊಳ್ಳಿ. ಒಂದು ಗಂಟೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಹನ್ನೆರಡರ ಲೆಕ್ಕ ಗೊತ್ತಿರಬೇಕು. ಒಟ್ಟು ಏರಿಳಿತವನ್ನು ಹನ್ನೆರಡು ಪಾಲು ಮಾಡಿದರೆ ನೀರು ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು, ಐದನೆಯದರಲ್ಲಿ ಎರಡು, ಆರನೆಯದರಲ್ಲಿ ಒಂದು ಪಾಲು ಸರಿಯುತ್ತದೆ. 6 ಮೀಟರ್ ಅಂತರದ ದಿನ ಮೊದಲ ಗಂಟೆಗೆ ಅರ್ಧ ಮೀಟರ್, ನಡುವಿನ ಎರಡು ಗಂಟೆಗೆ ತಲಾ ಒಂದೂವರೆ ಮೀಟರ್. ದಂಡೆಯ ಇಳಿಜಾರು ನೂರಕ್ಕೆ ಒಂದರಂತಿದ್ದರೆ ಆ ಒಂದೂವರೆ ಮೀಟರ್ ಅಂದರೆ ನೀರಿನ ಅಂಚು 150 ಮೀಟರ್ ಹಿಂದೆ ಹೋದಂತೆ. ಮೀನು, ಬ್ಯಾಟರಿ, ಲಂಗರು ಎಲ್ಲ ಸೇರಿ 45 ಕಿಲೋ ದಾಟಿದ ಕಯಾಕನ್ನು ಅಷ್ಟು ದೂರ ಒದ್ದೆ ಮರಳಲ್ಲಿ ಎಳೆಯಬೇಕು.

ಮರಳಾದರೆ ಬೆವರು ಸುರಿದರೆ ಮುಗಿಯಿತು. ಕೆಸರಾದರೆ ಆ ಜಾಗವನ್ನೇ ಬಿಟ್ಟುಬಿಡಿ. ವೆಸ್ಟನ್-ಸೂಪರ್-ಮೇರ್‌ನಲ್ಲಿ ಇಳಿತದ ಹೊತ್ತಿಗೆ ಕಡಲು ಒಂದು ಮೈಲಿಯಷ್ಟು ಹಿಂದೆ ಸರಿದು, ನಡುವೆ ಮೊಣಕಾಲು ನುಂಗುವ ಕೆಸರು ಉಳಿಯುತ್ತದೆ. ವಾಯವ್ಯದ ಮೋರ್ಕಂಬ್ ಕೊಲ್ಲಿಯಲ್ಲಿ ನೀರು ನೆಟ್ಟಗೆ ಎದುರಿನಿಂದ ಬರುವುದಿಲ್ಲ. ಕಾಲುವೆಗಳಲ್ಲಿ ಸುತ್ತಿ ಬಂದು ಮರಳುದಿಬ್ಬದ ಮೇಲಿರುವವರ ಬೆನ್ನ ಹಿಂದೆ ತುಂಬಿಕೊಳ್ಳುತ್ತದೆ. 2004ರ ಫೆಬ್ರವರಿ 5ರ ರಾತ್ರಿ ಅಲ್ಲಿ ಚಿಪ್ಪು ಆರಿಸುತ್ತಿದ್ದ ಕನಿಷ್ಠ 21 ಚೀನೀ ಕಾರ್ಮಿಕರು ಪ್ರಾಣ ಕಳೆದುಕೊಂಡರು. ಯಾವುದೇ ಹೊಸ ಜಾಗವನ್ನು ಒಮ್ಮೆಯಾದರೂ ಪೂರ್ತಿ ಇಳಿತದ ಹೊತ್ತಿಗೆ ಬರಿಗೈಯಲ್ಲಿ ಹೋಗಿ ನೋಡಬೇಕು ಎನ್ನುವುದು ಇದಕ್ಕೇ. ಉಬ್ಬರದಲ್ಲಿ ಚಂದ ಕಾಣುವ ನೀರಿನಡಿ ಏನಿದೆ ಎಂದು ಬೇರೆ ಯಾವ ನಕ್ಷೆಯೂ ಅಷ್ಟು ಚೆನ್ನಾಗಿ ತೋರಿಸದು.

ಇನ್ನು ಉರುಟುಕಲ್ಲಿನ ದಂಡೆಗಳು. ಡಾರ್ಸೆಟ್‌ನ ಚೆಸಿಲ್ ಬೀಚ್ 29 ಕಿ.ಮೀ. ಉದ್ದದ ಕಲ್ಲುರಾಶಿ, ವೆಸ್ಟ್ ಬೇ ಕಡೆ ಬಟಾಣಿ ಗಾತ್ರದ ಕಲ್ಲು, ಪೋರ್ಟ್‌ಲೆಂಡ್ ತುದಿಗೆ ಬರುವಾಗ ಆಲೂಗಡ್ಡೆಯಷ್ಟು. ದಂಡೆ ಕಡಿದಾಗಿರುವುದರಿಂದ ಹತ್ತಿರದಲ್ಲೇ ಆಳ ಸಿಗುತ್ತದೆ, ಮೀನೂ ಸಿಗುತ್ತದೆ. ಆಸೆ ಹುಟ್ಟುವುದು ಸಹಜ. ಆದರೆ ಅಲೆಯನ್ನು ನೋಡಿ. ಚಪ್ಪಟೆ ಮರಳುದಂಡೆಯಲ್ಲಿ ಅಲೆ ದೂರದಲ್ಲೇ ಮುರಿದು ನೊರೆಯಾಗಿ ಓಡಿಬಂದು ಸುಸ್ತಾಗುತ್ತದೆ. ಕಡಿದಾದ ಕಲ್ಲಿನ ದಂಡೆಯಲ್ಲಿ ಅದು ಕೊನೇ ಗಳಿಗೆಯವರೆಗೂ ಮುರಿಯದೆ, ಅಂಚಿಗೆ ಬಂದು ಒಮ್ಮೆಲೇ ಕವುಚಿ ಬೀಳುತ್ತದೆ. ವಾಪಸು ಬರುವ ಕಯಾಕಿನ ಮೂತಿ ಕಲ್ಲಿಗೆ ತಾಗಿ ನಿಲ್ಲುತ್ತದೆ, ಹಿಂದಿನ ಅಲೆ ಬಾಲವನ್ನು ಎತ್ತಿ ಅಡ್ಡ ತಿರುಗಿಸುತ್ತದೆ, ದೋಣಿ ಮಗುಚುತ್ತದೆ. ಎದ್ದು ನಿಲ್ಲೋಣ ಎಂದರೆ ಹಿಂದೆ ಸರಿಯುವ ನೀರು ಕಾಲಡಿಯ ಕಲ್ಲನ್ನೇ ಎಳೆದುಕೊಂಡು ಹೋಗುತ್ತದೆ, ಅಷ್ಟರಲ್ಲಿ ಮುಂದಿನ ಅಲೆ ತಲೆಯ ಮೇಲೆ. ಚೆಸಿಲ್ ಹೊಸಬರ ಜಾಗ ಅಲ್ಲವೇ ಅಲ್ಲ. ಯಾವ ದಂಡೆಯಲ್ಲೇ ಆಗಲಿ, ಕಯಾಕನ್ನು ಕಾರಿನಿಂದ ಇಳಿಸುವ ಮೊದಲು ಹತ್ತು ನಿಮಿಷ ನಿಂತು ನೋಡಬೇಕು. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ. ಎರಡು ನಿಮಿಷ ನೋಡಿ ಶಾಂತವಾಗಿದೆ ಎಂದುಕೊಂಡವರಿಗೆ ಆ ಗುಂಪು ಕಂಡಿರುವುದಿಲ್ಲ. ಮುನ್ಸೂಚನೆಯಲ್ಲಿ ಅಲೆಯ ಎತ್ತರದ ಪಕ್ಕದಲ್ಲಿರುವ ಸೆಕೆಂಡುಗಳನ್ನೂ ಓದಿ. 5 ಸೆಕೆಂಡಿಗೊಂದು ಬರುವ ಒಂದು ಮೀಟರ್ ಅಲೆಗಿಂತ 12 ಸೆಕೆಂಡಿಗೊಂದು ಬರುವ ಒಂದು ಮೀಟರ್ ಅಲೆಯ ಹೊಡೆತ ಬಹಳ ಜೋರು.

ಗಾಳಿಯ ವಿಷಯದಲ್ಲಿ ಮೋಸ ಮಾಡುವುದು ನೆಲದಿಂದ ಕಡಲಿಗೆ ಬೀಸುವ ಗಾಳಿ. ಬಂಡೆಯ ಮರೆಯಲ್ಲಿ ದಂಡೆ ತಣ್ಣಗಿರುತ್ತದೆ, ನೀರು ಕನ್ನಡಿಯಂತಿರುತ್ತದೆ. 300 ಮೀಟರ್ ಆಚೆ ಮರೆ ಮುಗಿದಾಗ ಪೂರ್ತಿ ಗಾಳಿ ಬೆನ್ನಿಗೆ ಬೀಳುತ್ತದೆ, ಹೋಗುವುದು ಸಲೀಸಾಗಿ ಕಾಣುತ್ತದೆ. ತಿರುಗಿದಾಗಲೇ ಗೊತ್ತಾಗುವುದು. ಸಾಮಾನು ತುಂಬಿದ ಮೀನುಗಾರಿಕೆ ಕಯಾಕಿನ ಆರಾಮದ ವೇಗ ಸುಮಾರು 3 ನಾಟ್, ಅಂದರೆ ಗಂಟೆಗೆ ಐದೂವರೆ ಕಿ.ಮೀ. ಎದುರಿಗೆ 11ರಿಂದ 16 ನಾಟ್, ಅಂದರೆ ಗಾಳಿಯ ಜೋರು ಅಳೆಯುವ ಬ್ಯೂಫೋರ್ಟ್ ಮಾಪನದ ಫೋರ್ಸ್ 4ರ ಗಾಳಿ ಇದ್ದರೆ ಅದರಲ್ಲಿ ಬಹುಪಾಲು ಕರಗಿಹೋಗುತ್ತದೆ. ಹೊಸಬರು ಫೋರ್ಸ್ 3ಕ್ಕೆ ಗೆರೆ ಎಳೆಯುವುದು ಒಳ್ಳೆಯದು. ಗಾಳಿ ಕಡಲ ಕಡೆಗೆ ಬೀಸುತ್ತಿದ್ದರೆ ಅದಕ್ಕಿಂತ ಕಡಿಮೆಯಲ್ಲೂ ಬೇಡ.

ಸೆಳವಿನ ಲೆಕ್ಕವೂ ಅದೇ ಮೂರು ನಾಟ್‌ನದು. 2 ನಾಟ್ ಸೆಳವು ಎದುರಿದ್ದರೆ ಕೈಗೆ ಉಳಿಯುವುದು 1 ನಾಟ್, ಎರಡು ಕಿ.ಮೀ. ಬರಲು ಒಂದು ಗಂಟೆ ಮೀರುತ್ತದೆ. ಭೂಶಿರಗಳ ತುದಿಯಲ್ಲಿ, ಅಳಿವೆಯ ಬಾಯಲ್ಲಿ ನೀರು ಹಿಂಡಿದಂತಾಗಿ ಓಟ ಹೆಚ್ಚುತ್ತದೆ; ಪೋರ್ಟ್‌ಲೆಂಡ್ ಬಿಲ್‌ನ ಮುಂದಿನ ಸೆಳವಿಗೆ ದೊಡ್ಡ ದೋಣಿಗಳೂ ದಾರಿ ಬಿಟ್ಟು ಸುತ್ತಿಹೋಗುತ್ತವೆ. ಗಾಳಿ ಒಂದು ಕಡೆ, ಸೆಳವು ಎದುರು ಕಡೆ ಆದರೆ ಅಲೆ ಗಿಡ್ಡವಾಗಿ, ಕಡಿದಾಗಿ ಏಳುತ್ತದೆ. ಹೋಗುವಾಗ ಸೆಳವಿನ ಎದುರು, ಬರುವಾಗ ಅದರ ಜೊತೆ ಆಗುವಂತೆ ಹೊತ್ತು ಹೊಂದಿಸಿಕೊಳ್ಳಿ.

ಸ್ಲಿಪ್‌ವೇ, ಅಂದರೆ ದೋಣಿ ನೀರಿಗಿಳಿಸಲು ಕಟ್ಟಿದ ಇಳಿಜಾರು, ಇದ್ದರೆ ಸುಲಭ, ಆದರೆ ಅದರ ಕೆಳತುದಿಯನ್ನು ನೋಡಿರಬೇಕು. ಉಬ್ಬರದ ನೀರು ತಾಗುವ ಭಾಗದಲ್ಲಿ ಹಸಿರು ಪಾಚಿ ಕಟ್ಟಿ ಸೋಪಿನಂತೆ ಜಾರುತ್ತದೆ. ಕೆಲವು ಕಡೆ ಕಾಂಕ್ರೀಟ್ ಅರ್ಧಕ್ಕೇ ಮುಗಿದು ಅಡಿ ಎತ್ತರದ ಮೆಟ್ಟಿಲಿನಂತೆ ಕೆಸರಿಗೆ ಇಳಿದುಬಿಡುತ್ತದೆ, ಉಬ್ಬರದಲ್ಲಿ ಕಾಣುವುದೇ ಇಲ್ಲ. ಬಂದರಿನವರು ಶುಲ್ಕ ಕೇಳಬಹುದು. ಕಾರ್ ಪಾರ್ಕಿನ ಬಾಗಿಲಲ್ಲಿ 2 ಮೀಟರ್ ಎತ್ತರಕ್ಕೆ ಅಡ್ಡ ಕಂಬಿ ಇರುವುದು ಇಲ್ಲಿ ಮಾಮೂಲು. ಮಾಡಿನ ಮೇಲೆ ಕಯಾಕ್ ಕಟ್ಟಿದ ಕಾರು ಒಳಗೆ ಹೋಗದು. ಪಾರ್ಕಿಂಗ್ ಚೀಟಿ ಉಬ್ಬರದ ಲೆಕ್ಕಕ್ಕೆ ಸಾಲುವಷ್ಟು ಹೊತ್ತಿನದಿರಲಿ. ಟ್ರಾಲಿಗೆ ಅಗಲವಾದ, ಗಾಳಿ ಕಡಿಮೆ ತುಂಬಿದ ಬಲೂನ್ ಚಕ್ರವೇ ಬೇಕು, ಸಣ್ಣ ಗಟ್ಟಿ ಚಕ್ರ ಕಲ್ಲಿನಲ್ಲೂ ಮೆತ್ತನೆ ಮರಳಿನಲ್ಲೂ ಹೂತುಹೋಗುತ್ತದೆ. ಕಯಾಕಿನಲ್ಲಿ ನೀರು ಬಸಿದುಹೋಗಲು ಇರುವ ತೂತಿಗೆ ಕಂಬಿ ತೂರಿಸುವ ಬಗೆಯ ಟ್ರಾಲಿಯಲ್ಲಿ ಭಾರ ಹೇರಿ ಎಳೆದರೆ ಆ ತೂತಿನ ಸುತ್ತಲೇ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಅಡಿಗೆ ಪಟ್ಟಿ ಕಟ್ಟುವ ಬಗೆಯದು ವಾಸಿ.

ಜೀವರಕ್ಷಕರಿರುವ ದಂಡೆಯಲ್ಲಿ ಕೆಂಪು-ಹಳದಿ ಬಾವುಟಗಳ ನಡುವೆ ಈಜುವವರು. ಕಯಾಕಿಗೆ ಕಪ್ಪು-ಬಿಳಿ ಚೌಕುಳಿ ಬಾವುಟಗಳ ನಡುವಿನ ಜಾಗ. ಡಾರ್ಸೆಟ್‌ನ ಲಲ್ವರ್ತ್ ಸುತ್ತ ಸೈನ್ಯದ ಗುಂಡು ಹಾರಿಸುವ ವಲಯ ಕಡಲಿನೊಳಕ್ಕೂ ಚಾಚಿದೆ. ಹಗಲು ಕೆಂಪು ಬಾವುಟ, ರಾತ್ರಿ ಕೆಂಪು ದೀಪ ಕಂಡರೆ ಆ ದಿನ ಅಲ್ಲಿಂದ ಇಳಿಯುವಂತಿಲ್ಲ.

ಇಷ್ಟೆಲ್ಲ ದಾಟಿ ಉಳಿದ ಜಾಗಗಳಲ್ಲಿ ಮೀನು ನೋಡಿ. ನಾವಿಕ ನಕ್ಷೆಯ ಆಳದ ಗೆರೆಗಳು ಒತ್ತೊತ್ತಾಗಿರುವ ಕಡೆ ದಿಢೀರ್ ಇಳಿಜಾರಿರುತ್ತದೆ. ದಡದಿಂದ ಒಂದು ಕಿ.ಮೀ. ಒಳಗೆ 10ರಿಂದ 15 ಮೀಟರ್ ಆಳ ಮತ್ತು ಬಂಡೆ ಸಿಕ್ಕರೆ ಸಾಕು. ಬಂಡೆಯ ಹತ್ತಿರ ಪೊಲಾಕ್, ಬಾಸ್, ಬೇಸಿಗೆಯಲ್ಲಿ ಮ್ಯಾಕರೆಲ್, ಅದು ನಮ್ಮ ಬಂಗುಡೆಯ ದೂರದ ಬಂಧು. ಇಂಗ್ಲೆಂಡ್, ವೇಲ್ಸ್‌ನಲ್ಲಿ ಸಮುದ್ರ ಮೀನಿಗೆ ಗಾಳ ಹಾಕಲು ಲೈಸೆನ್ಸ್ ಬೇಡ, ಸಾಲ್ಮನ್‌ಗೆ ಬೇಕು. 42 ಸೆಂ.ಮೀ.ಗಿಂತ ಚಿಕ್ಕ ಬಾಸ್ ಸಿಕ್ಕರೆ ವಾಪಸು ಬಿಡಲೇಬೇಕು.

ಕೊನೆಗೆ ಎರಡನೇ ದಡ. ಗಾಳಿ ಅಥವಾ ಸೆಳವು ತಳ್ಳಿಕೊಂಡು ಹೋಗುವ ದಿಕ್ಕಿನಲ್ಲಿ, ಎರಡು ಮೂರು ಕಿ.ಮೀ. ಒಳಗೆ, ಹತ್ತಿಬರಲು ದಾರಿ ಇರುವ ಇನ್ನೊಂದು ಜಾಗ ಗುರುತಾಗಿರಬೇಕು. ಇಳಿದ ಜಾಗದ ಎರಡೂ ಪಕ್ಕ ಬರೀ ಕಡಿಬಂಡೆಯಾದರೆ ಆ ಜಾಗ ಬೇಡ. ಬಂಡೆಯಡಿ ಮೊಬೈಲ್ ಸಿಗ್ನಲ್ ಇರುವುದಿಲ್ಲ, ಹಾಗಾಗಿ ಎದೆಗೆ ಕಟ್ಟಿದ ವಿಎಚ್‌ಎಫ್ ರೇಡಿಯೋ ಬೇಕು, ಅಪಾಯದಲ್ಲಿ ಕರೆಯಲು ಚಾನೆಲ್ 16. ಸಿಗ್ನಲ್ ಇದ್ದರೆ 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಕೇಳಬೇಕು. ದಕ್ಷಿಣ ತೀರದಲ್ಲೂ ಮಾರ್ಚ್‌ನ ನೀರು 8-9 ಡಿಗ್ರಿ. ಬಿಸಿಲು ಕಂಡು ಡ್ರೈಸೂಟ್, ಅಂದರೆ ಒಳಗೆ ನೀರು ಬಿಡದ ಉಡುಪು, ಬಿಟ್ಟು ಹೋಗಬೇಡಿ. ದಡದಲ್ಲಿರುವ ಒಬ್ಬರಿಗೆ ಇಳಿಯುವ ಜಾಗ, ಎರಡನೇ ದಡ, ಬರುವ ಹೊತ್ತು ಮೂರನ್ನೂ ತಿಳಿಸಿ. ತಿರುಗಬೇಕಾದ ಗಂಟೆಯನ್ನು ಕಯಾಕಿನ ಮೇಲೆ, ಕಣ್ಣಿಗೆ ಬೀಳುವಲ್ಲಿ, ನೀರಿಗೆ ಅಳಿಸದ ಮಾರ್ಕರಿನಿಂದ ಬರೆದುಕೊಂಡು ಇಳಿಯಿರಿ.