ರೀಸ್ಟಾರ್ಟ್ ಕೊಟ್ಟರೆ ಮಾತ್ರ ಹ್ಯಾಂಗ್ ಆಗುವ ಸಿಸ್ಟಮ್

ಅಕೌಂಟ್ಸ್‌ನ ಆ ಒಂದು ಸಿಸ್ಟಮ್ ಮೇಲೆ ಟಿಕೆಟ್, ಅಂದರೆ ದೂರು, ಬರುವುದು ನಿಲ್ಲುತ್ತಲೇ ಇರಲಿಲ್ಲ. ರೀಸ್ಟಾರ್ಟ್ ಕೊಟ್ಟರೆ ಒಮ್ಮೊಮ್ಮೆ ಸ್ಕ್ರೀನ್ ಕಪ್ಪಾಗಿ ಅಲ್ಲೇ ನಿಂತುಬಿಡುತ್ತಿತ್ತು. ನಮ್ಮ ಐಟಿ ಸಪೋರ್ಟ್‌ನವರು ಹೋಗಿ ನೋಡಿದಾಗ ಸರಿಯಾಗಿಯೇ ಆನ್ ಆಗುತ್ತಿತ್ತು. ರ‍್ಯಾಮ್ ಬದಲಾಯಿಸಿದರು, ಎಸ್‌ಎಸ್‌ಡಿ ಬದಲಾಯಿಸಿದರು, ಕೊನೆಗೆ ವಿಂಡೋಸನ್ನೂ ಹೊಸದಾಗಿ ಹಾಕಿದರು. ಪ್ರತಿ ಸಲ ಒಂದೆರಡು ರೀಸ್ಟಾರ್ಟ್ ಮಾಡಿ ನೋಡಿ, 'ರಿಸಾಲ್ವ್ಡ್' ಅಂತ ಹಾಕಿ ಬರುತ್ತಿದ್ದರು. ಯಾವಾಗಲೋ ಬರುವ ತೊಂದರೆ ಎರಡು ಸಲ ಬರಲಿಲ್ಲ ಅಂದರೆ ಹೋಯ್ತು ಅಂತ ಅರ್ಥವಾ? ಹೀಗೆ ಕೇಳಿದರೆ ಮ್ಯಾನೇಜರ್ ಎಸ್‌ಎಲ್‌ಎ, ಅಂದರೆ ಇಷ್ಟು ಹೊತ್ತಿನೊಳಗೆ ಟಿಕೆಟ್ ಮುಗಿಸಬೇಕು ಅನ್ನುವ ಒಪ್ಪಂದ, ತೋರಿಸುತ್ತಿದ್ದರು.

ಸಂಬಳದ ಕೆಲಸ ನಡೆಯುತ್ತಿದ್ದ ದಿನ ಅದು ನನ್ನ ಕಣ್ಣೆದುರೇ ನಿಂತಿತು. ಆಗಷ್ಟೇ ಅಪ್‌ಡೇಟ್ ಮುಗಿಸಿ ರೀಸ್ಟಾರ್ಟ್ ಕೊಟ್ಟಿದ್ದರು. ಫ್ಯಾನ್ ತಿರುಗುತ್ತಿದೆ, ಸ್ಕ್ರೀನಲ್ಲಿ ಏನೂ ಇಲ್ಲ.

"ಪವರ್ ಬಟನ್ ಒತ್ತಿ ಹಿಡಿದುಬಿಡ್ಲಾ ಸರ್?" ಅಂದರು ಅಕೌಂಟ್ಸ್ ಮೇಡಂ.

"ಸ್ವಲ್ಪ ತಾಳಿ ಮೇಡಂ" ಅಂದೆ. ವಿಂಡೋಸ್ ಇನ್ನೂ ಒಳಗೆ ಬರೆಯುತ್ತಿದ್ದರೆ ಕರೆಂಟ್ ತೆಗೆದಾಗ ಫೈಲ್‌ಗಳೇ ಕೆಡಬಹುದು. ಕ್ಯಾಪ್ಸ್ ಲಾಕ್ ಒತ್ತಿದೆ, ದೀಪ ಹತ್ತಲಿಲ್ಲ, ಅಂದರೆ ಸಿಸ್ಟಮ್ ಕೀಬೋರ್ಡಿಗೆ ಉತ್ತರ ಕೊಡುತ್ತಿಲ್ಲ. ಓದು-ಬರಹ ನಡೆದರೆ ಮಿನುಗುವ ಡಿಸ್ಕಿನ ದೀಪವನ್ನೇ ನೋಡುತ್ತಾ ಕೂತೆ. ಒಂದು ಸಲವೂ ಮಿನುಗಲಿಲ್ಲ. ಹಿಂದೆ ನಿಂತವರು ಗಡಿಯಾರ ನೋಡುತ್ತಿದ್ದರು. ಸಾಕಷ್ಟು ಕಾದ ಮೇಲೆ ಬಟನ್ ಒತ್ತಿ ಹಿಡಿದೆ.

ಮತ್ತೆ ಆನ್ ಆದ ತಕ್ಷಣ ಈವೆಂಟ್ ವ್ಯೂವರ್ ತೆರೆದೆ; ವಿಂಡೋಸ್ ನಡೆದದ್ದನ್ನು ನಂಬರ್ ಹಾಕಿ ಬರೆದಿಡುವ ಲಾಗ್ ಅಲ್ಲಿ ಕಾಣುತ್ತದೆ. 1074 ಇತ್ತು, ಅಂದರೆ ರೀಸ್ಟಾರ್ಟ್ ಕೇಳಿದ್ದು ದಾಖಲಾಗಿದೆ. 6006 ಇತ್ತು, ಅಂದರೆ ಲಾಗ್ ಸೇವೆ ನೆಟ್ಟಗೆ ಮುಚ್ಚಿಕೊಂಡಿದೆ. ಹಠಾತ್ ಆಫ್ ಆದರೆ ಬರುವ 41 ಇರಲಿಲ್ಲ, 6008 ಕೂಡ ಇರಲಿಲ್ಲ. ವಿಂಡೋಸ್ ನಡುವೆ ಸಿಕ್ಕಿಕೊಂಡಿದ್ದಾಗ ನಾನು ಪವರ್ ತೆಗೆದಿದ್ದರೆ ಅವುಗಳಲ್ಲಿ 41 ಆದರೂ ಇರಬೇಕಿತ್ತು. ಅಂದರೆ ವಿಂಡೋಸ್ ತನ್ನ ಕೆಲಸ ಮುಗಿಸಿ ಹೋಗಿತ್ತು. ನಿಂತದ್ದು ಆಮೇಲೆ, ಬಯಾಸ್ (ವಿಂಡೋಸ್‌ಗೂ ಮುಂಚೆ ಓಡಿ ಹಾರ್ಡ್‌ವೇರ್ ಪರೀಕ್ಷಿಸುವ ಮದರ್‌ಬೋರ್ಡಿನ ಪ್ರೋಗ್ರಾಂ) ಹಂತದಲ್ಲಿ, ಲೋಗೋ ಬರುವುದಕ್ಕೂ ಮುಂಚೆ. ಹಾಗಿದ್ದ ಮೇಲೆ ವಿಂಡೋಸ್ ಹೊಸದಾಗಿ ಹಾಕಿ ಏನು ಬಂತು? ಈ ಲಾಗ್ ಮೊದಲ ಟಿಕೆಟ್ ದಿನವೇ ಅಲ್ಲೇ ಇತ್ತು ಅನ್ನುವುದೇ ನನಗೆ ಈಗಲೂ ಬೇಜಾರು.

ಶಟ್‌ಡೌನ್ ಮಾಡಿ ಆನ್ ಮಾಡಿದರೆ ಎಂದೂ ನಿಂತಿರಲಿಲ್ಲ. ಇಲ್ಲಿ ಜಾಸ್ತಿ ಜನ ಗೊಂದಲ ಮಾಡಿಕೊಳ್ಳುತ್ತಾರೆ. 2012ರಲ್ಲಿ ಬಂದ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಇದೆ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟಾಗ ಕರ್ನಲ್ (ವಿಂಡೋಸ್‌ನ ತಿರುಳು) ಸ್ಥಿತಿ ಡಿಸ್ಕಿನಲ್ಲಿ ಉಳಿದು, ಮುಂದಿನ ಸಲ ಅದೇ ಎದ್ದು ಬರುತ್ತದೆ. ವಿಂಡೋಸ್ ಪೂರ್ತಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟಲ್ಲಿ. ಹಾರ್ಡ್‌ವೇರ್ ಕತೆ ಇದಕ್ಕೆ ಉಲ್ಟಾ. ಶಟ್‌ಡೌನ್‌ನಲ್ಲಿ ಮುಖ್ಯ ಪವರ್ ಹೋಗುತ್ತದೆ. ರೀಸ್ಟಾರ್ಟಲ್ಲಿ ಸಾಮಾನ್ಯವಾಗಿ ಹೋಗುವುದಿಲ್ಲ, ಹೊರಗೆ ಚುಚ್ಚಿದ ಸಾಧನಗಳಿಗೆ ಕರೆಂಟ್ ಬರುತ್ತಲೇ ಇರುತ್ತದೆ. ಅವು ಹಳೇ ಸ್ಥಿತಿಯಲ್ಲೇ ಇದ್ದಾಗ ಬಯಾಸ್ ಬಂದು ಮಾತಾಡಿಸುತ್ತದೆ. ಉತ್ತರ ಬಾರದಿದ್ದರೆ ಕೆಲವು ಬಯಾಸ್‌ಗಳು ಕಾಯುತ್ತಾ ನಿಂತುಬಿಡುತ್ತವೆ.

ಅದಕ್ಕೇ ಮೇಡಂ ಹತ್ತಿರ ಕೇಳಿದೆ, ಯಾವ ದಿನ ಹೀಗಾಗುತ್ತೆ ಅಂತ.

"ಬ್ಯಾಕಪ್ ಡಿಸ್ಕ್ ಹಾಕಿದ ದಿನಾನೇ ಸರ್. ಮೊದಲು ಬಂದವರಿಗೂ ಹೇಳಿದ್ದೆ."

ಟಿಕೆಟ್‌ನಲ್ಲಿ ಅದು ಎಲ್ಲೂ ಇಲ್ಲ. ನಮ್ಮ ಫಾರ್ಮ್‌ನಲ್ಲಿ 'ಹಾರ್ಡ್‌ವೇರ್', 'ಸಾಫ್ಟ್‌ವೇರ್' ಅಂತ ಆರಿಸಬಹುದು. ಯಾವಾಗ ಆಗುತ್ತೆ, ಆಗ ಏನು ಚುಚ್ಚಿತ್ತು ಅಂತ ಬರೆಯಲು ಜಾಗವೇ ಇಲ್ಲ.

ಮೇಜಿನ ಹಿಂದೆ ಒಂದು ಹಳೇ ಯುಎಸ್‌ಬಿ ಹಬ್ (ಒಂದು ಪೋರ್ಟನ್ನು ಹಲವು ಮಾಡುವ ಪೆಟ್ಟಿಗೆ), ಅದರಲ್ಲಿ ಆ ಡಿಸ್ಕ್. ಡಿಸ್ಕ್ ಹಾಗೇ ಬಿಟ್ಟು ಮತ್ತೆ ಮತ್ತೆ ರೀಸ್ಟಾರ್ಟ್ ಕೊಡುತ್ತಾ ಹೋದೆ. ಕೊನೆಗೂ ನಿಂತಿತು. ಈ ಸಲ ಪವರ್ ಬಟನ್ ಮುಟ್ಟಲಿಲ್ಲ, ಹಬ್‌ನ ಕೇಬಲ್ ಎಳೆದೆ. ತಕ್ಷಣ ಲೋಗೋ ಬಂತು, ಹಿಂದೆಯೇ ಲಾಗಿನ್ ಸ್ಕ್ರೀನ್. ಮೇಡಂ "ಅಯ್ಯೋ, ಇಷ್ಟೇನಾ!" ಅಂದರು.

ಹಬ್ ತೆಗೆದು ಡಿಸ್ಕನ್ನು ನೇರ ಪೋರ್ಟ್‌ಗೆ ಹಾಕಿಸಿದೆ, ಬಯಾಸ್ ಅಪ್‌ಡೇಟ್ ಕೂಡ ಮಾಡಿದೆ. ಟಿಕೆಟ್ ಮಾತ್ರ ಕ್ಲೋಸ್ ಮಾಡಲಿಲ್ಲ. ಬ್ಯಾಕಪ್ ದಿನಗಳು ಕೆಲವು ದಾಟಲಿ ಅಂತ ಮ್ಯಾನೇಜರ್ ಹತ್ತಿರ ಜಗಳವಾಡಿಯೇ ತೆರೆದಿಟ್ಟೆ. ಆಮೇಲೆ ಒಮ್ಮೆಯೂ ನಿಂತಿಲ್ಲ. ಫಾರ್ಮ್ ಬದಲಾಯಿಸಿ ಅಂತ ಕಳಿಸಿದ ಮೇಲ್‌ಗೆ ಇನ್ನೂ ಉತ್ತರ ಬಂದಿಲ್ಲ. ಅಲ್ಲಿವರೆಗೆ ಕಾಮೆಂಟ್ ಜಾಗದಲ್ಲೇ ಬರೆಸುತ್ತಿದ್ದೇನೆ: ಲೋಗೋ ಬಂದಿತ್ತಾ, ಕ್ಯಾಪ್ಸ್ ಲಾಕ್ ಹತ್ತಿತಾ, ಏನೇನು ಚುಚ್ಚಿತ್ತು.