ಆಫೀಸ್ ಗಂಟೆ ಲೆಕ್ಕ ಹಾಕುವ ಮೊದಲು, ಯಾರ ಆಫೀಸು ಅಂತ ಕೇಳಿ

ಹಾಸನದಲ್ಲಿ ಕೂತು ಶಿಕಾಗೋ ಗ್ರಾಹಕರ ಸಪೋರ್ಟ್ ಟಿಕೆಟ್ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ಟಿಕೆಟ್ ಅಂದರೆ ಗ್ರಾಹಕರು ಸಹಾಯ ಕೇಳಿ ಬರೆದದ್ದು. ಅದು ಬಂದು ಉತ್ತರ ಹೋಗುವಷ್ಟರಲ್ಲಿ ಎಷ್ಟು ಕೆಲಸದ ಗಂಟೆ ಕಳೆಯಿತು ಅನ್ನುವ ರಿಪೋರ್ಟ್ ಮೇಲೆ ದುಡ್ಡಿನ ಮಾತು ನಿಂತಿರುತ್ತದೆ. ಹೊಸಬರಿಗೆ ಇದನ್ನು ಕೊಟ್ಟರೆ, "ಎರಡು ಟೈಮ್ ಕಳೆದು ಶನಿವಾರ, ಭಾನುವಾರ ತೆಗೆದರೆ ಆಯ್ತಲ್ವಾ?" ಅನ್ನುತ್ತಾರೆ.

ಆಗಲ್ಲ. ಒಂದೇ ಟಿಕೆಟ್ ನೋಡಿ. 2026ರ ಮಾರ್ಚ್ 6, ಶುಕ್ರವಾರ, ಶಿಕಾಗೋದಲ್ಲಿ ಸಂಜೆ 4ಕ್ಕೆ ಬಂತು ಅನ್ನೋಣ. 9ನೇ ತಾರೀಕು ಸೋಮವಾರ, ಅಲ್ಲಿನ ಬೆಳಿಗ್ಗೆ 10ಕ್ಕೆ ಉತ್ತರ ಹೋಯಿತು. ಅವರ ಆಫೀಸು 9ರಿಂದ 5. ಶುಕ್ರವಾರ ಒಂದು ಗಂಟೆ, ಸೋಮವಾರ ಒಂದು, ಒಟ್ಟು ಎರಡು. ಅದೇ ಟಿಕೆಟ್ ನಮ್ಮ ಗಡಿಯಾರದಲ್ಲಿ ಶನಿವಾರ ಬೆಳಗಿನ ಜಾವ 3:30ಕ್ಕೆ ಹುಟ್ಟಿ ಸೋಮವಾರ ರಾತ್ರಿ 8:30ಕ್ಕೆ ಮುಗಿಯುತ್ತದೆ. ಹಾಸನದ 9:30ರಿಂದ 6:30ರ ಆಫೀಸಿಗೆ ಅದು ಒಂಬತ್ತು ಗಂಟೆ. ಎರಡು ಲೆಕ್ಕವೂ ಸರಿಯೇ! ಒಪ್ಪಂದದಲ್ಲಿ ಯಾರ ಗಂಟೆ ಅಂತ ಬರೆದಿರಬೇಕು. ಎಷ್ಟೋ ಸಲ ಬರೆದೇ ಇರಲ್ಲ, ಕೇಳಿ ಬರೆಸಬೇಕು.

ನಡುವೆ ಇನ್ನೊಂದು ಆಟವಿದೆ. ಮಾರ್ಚ್ 8ರ ಭಾನುವಾರ ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಶಿಕಾಗೋ ಅಂದರೆ ಯುಟಿಸಿಗಿಂತ (ಜಗತ್ತಿನ ಗಡಿಯಾರಗಳಿಗೆಲ್ಲ ಅಳತೆಯಾದ ಸಮಯ) ಆರು ಗಂಟೆ ಹಿಂದೆ ಅಂತ ಯಾರೋ ಬರೆದಿಟ್ಟಿದ್ದರೆ, ಸೋಮವಾರದ ಉತ್ತರ 10ರ ಬದಲು 9ಕ್ಕೆ ಹೋದಂತೆ ಕಾಣುತ್ತದೆ. ಎರಡು ಗಂಟೆಯಲ್ಲಿ ಒಂದು ಮಾಯ. ವರ್ಷವಿಡೀ ಯುಟಿಸಿಗಿಂತ ಐದೂವರೆ ಗಂಟೆ ಮುಂದೆಯೇ ಇರುವ ನಮಗೆ ಇದು ಸುಲಭಕ್ಕೆ ಹೊಳೆಯಲ್ಲ. ಅಂಕಿ ಬೇಡ, ಆ ಊರಿನ ಟೈಮ್ ಝೋನ್‌ನ ಹೆಸರನ್ನೇ ಇಡಿ, ಗಡಿಯಾರ ಯಾವಾಗ ಬದಲಾಗುತ್ತದೆ ಅಂತ ಕಂಪ್ಯೂಟರಿಗೆ ಅದರಿಂದಲೇ ತಿಳಿಯುತ್ತದೆ.

ಪೈಥಾನ್‌ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವವರು ಇದನ್ನೂ ನೋಡಿ. ಎರಡೂ ಸಮಯಕ್ಕೆ ಒಂದೇ ಝೋನ್ ಇದ್ದರೆ ಅದು ಗೋಡೆ ಗಡಿಯಾರ ನೋಡಿ ಕಳೆಯುತ್ತದೆ. ಮೇಲಿನ ಟಿಕೆಟ್‌ಗೆ 66 ಗಂಟೆ ಅನ್ನುತ್ತದೆ. ನಿಜಕ್ಕೂ ಕಳೆದಿದ್ದು 65. ಯುಟಿಸಿಗೆ ತಂದು ಕಳೆದರೆ ಸರಿಬರುತ್ತದೆ.

ನಾವು ಮಾಡುವುದು ಇಷ್ಟೇ. ಡೇಟಾಬೇಸಿನಲ್ಲಿ ಯುಟಿಸಿ. ಲೆಕ್ಕಕ್ಕೆ ಆಫೀಸಿರುವ ಊರಿನ ತಾರೀಕು ಒಂದೊಂದೇ ತೆಗೆದುಕೊಂಡು, ಆ ದಿನ ಬಾಗಿಲು ತೆರೆದ ಮತ್ತು ಮುಚ್ಚಿದ ಹೊತ್ತನ್ನು ಯುಟಿಸಿಗೆ ತಿರುಗಿಸಿ, ಟಿಕೆಟ್ ಅದರೊಳಗೆ ಬೀಳುವಷ್ಟನ್ನು ಕೂಡುವುದು.

ತಲೆ ತಿನ್ನುವುದು ರಜೆ. ರಾಜ್ಯೋತ್ಸವಕ್ಕೆ ನಮಗೆ ರಜೆ, ಅವರಿಗಿಲ್ಲ. ಥ್ಯಾಂಕ್ಸ್‌ಗಿವಿಂಗ್ ಅವರಿಗೆ, ನಮಗಿಲ್ಲ. ಹಾಸನಾಂಬೆ ಬಾಗಿಲು ತೆರೆದಾಗ ಅರ್ಧ ಆಫೀಸೇ ಖಾಲಿ, ಅದು ಯಾವ ಪಟ್ಟಿಯಲ್ಲೂ ಇರಲ್ಲ ಬಿಡಿ. ಆದ್ದರಿಂದ ಆಫೀಸಿಗೊಂದು ರಜೆ ಪಟ್ಟಿ ಬೇಕೇ ಬೇಕು. ರಾತ್ರಿ ಶಿಫ್ಟ್ ಇನ್ನೂ ಗೋಜಲು. ನವೆಂಬರ್ 1ರ ಸಂಜೆ ಶುರುವಾಗುವ ಶಿಫ್ಟಿಗೆ ರಜೆ ಅಂದರೆ, ಮಧ್ಯರಾತ್ರಿ ದಾಟಿದ ಮೇಲಿನ ಗಂಟೆಗಳೂ ರಜೆಯೇ. ಶಿಫ್ಟ್ ಶುರುವಾದ ತಾರೀಕಿಗೇ ಗಂಟು ಹಾಕಿದ್ದೇವೆ.

ಟೆಸ್ಟಿಗೆ ದಡ್ಡ ಪ್ರೋಗ್ರಾಮ್ ಒಂದಿದೆ. ಯುಟಿಸಿಯಲ್ಲಿ ಒಂದೊಂದೇ ನಿಮಿಷ ಮುಂದೆ ಹೋಗಿ, "ಈಗ ಆಫೀಸು ತೆರೆದಿದೆಯಾ?" ಅಂತ ಕೇಳಿ ಎಣಿಸುತ್ತದೆ. ತುಂಬಾ ನಿಧಾನ, ರಾತ್ರಿಯೇ ಓಡಿಸಬೇಕು. ಇದರ ಉತ್ತರ ನಮ್ಮ ಅಸಲಿ ಲೆಕ್ಕಕ್ಕೆ ಹೊಂದದಿದ್ದರೆ ಮೊದಲು ತಾರೀಕು ನೋಡುತ್ತೇನೆ. ಅಮೆರಿಕದ ಗಡಿಯಾರ ಬದಲಾಗುವ ಮಾರ್ಚ್ ಇಲ್ಲವೇ ನವೆಂಬರ್ ಆಗಿದ್ದರೆ ಎಲ್ಲಿ ಹುಡುಕಬೇಕು ಅಂತ ಗೊತ್ತಾಗುತ್ತದೆ.